ಆಕಾಶದ ದೂರ, ನಾಲೆಯ ನೀರು



ಮಂಡ್ಯ, ಮದ್ದೂರು, ಮಳವಳ್ಳಿಗಳ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕೆಯಲ್ಲಿದ್ದಾರೆ. ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತಿನ ಹಾದಿ ಎಂಬುದು ಊರಿನಲ್ಲುಳಿದ ಹಿರಿಯರ ಸಹಜ ಪ್ರಶ್ನೆ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವಣ ಕನಿಷ್ಠ ದೂರ ಸುಮಾರು 14,000 ಕಿ.ಮೀ. ಭೂಗೋಳದ ಮೇಲೆ ಈ ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಸಮೀಪ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಅದೇ ಧ್ರುವಮಾರ್ಗದಲ್ಲಿ ಬೆಂಗಳೂರಿಗೆ ತಂದಿತು. ಪ್ರಯಾಣಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ಆದರೆ ಕಡಿಮೆ ದೂರವೆಂದರೆ ಕಡಿಮೆ ಸಮಯವೆಂದೇನೂ ಅಲ್ಲ. 2016ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನವು ಅಟ್ಲಾಂಟಿಕ್ ಮಾರ್ಗವನ್ನು ಬಿಟ್ಟು ಪೆಸಿಫಿಕ್ ಮಾರ್ಗ ಹಿಡಿಯಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಿ 15,300 ಕಿ.ಮೀ. ಆಯಿತು, ಆದರೂ ಅದು ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿ ಅದನ್ನು ಹಿಂದಿನಿಂದ ತಳ್ಳಿತ್ತು.

ಹೀಗೆ ಗಾಳಿ ಸಮಯವನ್ನು ಉಳಿಸಿಕೊಡುತ್ತದೆ. ಉಳಿದ ಬೆಲೆಯನ್ನು ತೆರುವುದು ಇಂಧನ. ಇಷ್ಟು ದೂರದ ಒಂದು ಹಾರಾಟಕ್ಕೆ ದೊಡ್ಡ ವಿಮಾನವು ಸುಮಾರು ನೂರು ಟನ್ ಇಂಧನವನ್ನು ಉರಿಸುತ್ತದೆ. ಒಂದು ಕಿಲೋ ಉರಿದರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ 3.16 ಕಿಲೋ; ಅಂದರೆ ಒಂದೇ ಹಾರಾಟಕ್ಕೆ ಮುನ್ನೂರು ಟನ್‌ಗೂ ಅಧಿಕ.

ಇದಕ್ಕೆ ಪರಿಹಾರವೆಂದು ಜೈವಿಕ ಮೂಲದ ವಿಮಾನ ಇಂಧನವನ್ನು ಮುಂದಿಡಲಾಗುತ್ತಿದೆ. ಅಂತರರಾಷ್ಟ್ರೀಯ ಹಾರಾಟಗಳಲ್ಲಿ 2027ಕ್ಕೆ ಶೇ. 1, 2028ಕ್ಕೆ ಶೇ. 2, 2030ಕ್ಕೆ ಶೇ. 5ರಷ್ಟು ಮಿಶ್ರಣ ಭಾರತದ ಗುರಿ. ಕಬ್ಬಿನ ಎಥೆನಾಲ್ ಇದರ ಒಂದು ಮೂಲ. 1933ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮಂಡ್ಯದ ನೆಲಕ್ಕೆ ಈ ವಿಷಯ ನೇರವಾಗಿ ಸಂಬಂಧಿಸುವುದು ಇಲ್ಲಿಯೇ.

ಸ್ಥೂಲವಾಗಿ ಲೆಕ್ಕ ಹಾಕೋಣ. ಎಕರೆಗೆ 40 ಟನ್ ಕಬ್ಬು, ಟನ್ನಿಗೆ 70 ಲೀಟರ್ ಎಥೆನಾಲ್, ಒಂದು ಲೀಟರ್ ವಿಮಾನ ಇಂಧನಕ್ಕೆ ಸುಮಾರು 1.7 ಲೀಟರ್ ಎಥೆನಾಲ್ ಎಂದಿಟ್ಟುಕೊಂಡರೆ, ಒಂದು ಹಾರಾಟದ ಪೂರ್ತಿ ಇಂಧನಕ್ಕೆ ಸುಮಾರು 75 ಎಕರೆಯ ಒಂದು ವರ್ಷದ ಬೆಳೆ ಬೇಕು. ಶೇ. 5ರ ಮಿಶ್ರಣಕ್ಕೂ ನಾಲ್ಕು ಎಕರೆ. ಕಬ್ಬಿಗೆ ಕನಿಷ್ಠ 1,500 ಮಿ.ಮೀ. ನೀರೆಂದರೂ ಎಕರೆಗೆ ಅರವತ್ತು ಲಕ್ಷ ಲೀಟರ್. ಇದರಲ್ಲಿ ಮಳೆ ಕೊಡದ ಪಾಲನ್ನೆಲ್ಲ ಕೊಡಬೇಕಾದದ್ದು ನಾಲೆ ಅಥವಾ ಕೊಳವೆಬಾವಿ.

ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿರುವ ಮದ್ದೂರು, ಮಳವಳ್ಳಿಯ ರೈತರಿಗೆ ನೀರಿನ ಬೆಲೆ ಗೊತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬದೆ ಹೋದಾಗ ಅವರು ನೀರಿನ ದಾರಿ ಕಾಯುತ್ತ ಕುಳಿತಿದ್ದರು. ಬಳಸಿದ ಅಡುಗೆ ಎಣ್ಣೆ, ಬೆಳೆಯ ಉಳಿಕೆಗಳಿಂದಲೂ ವಿಮಾನ ಇಂಧನ ತಯಾರಾಗಬಲ್ಲದು. ಆದ್ಯತೆ ಅವುಗಳಿಗೆ ಸಲ್ಲಬೇಕು.

ಮಕ್ಕಳು ದೂರ ಹೋಗುವುದು ತಪ್ಪಲ್ಲ, ಬಂದು ನೋಡಿ ಹೋಗುವುದೂ ತಪ್ಪಲ್ಲ. ಆದರೆ ಆಕಾಶದ ದೂರವನ್ನು ಕಿಲೋಮೀಟರು, ಗಂಟೆಗಳಲ್ಲಿ ಅಳೆಯುವವರು ಅದನ್ನು ನಾಲೆಯ ನೀರಿನಲ್ಲಿಯೂ ಅಳೆಯಬೇಕು. ಆ ಲೆಕ್ಕವನ್ನು ಕೊನೆಯಂಚಿನ ರೈತನ ಮುಂದಿಟ್ಟು, ಅವನ ಒಪ್ಪಿಗೆ ಪಡೆದ ಮೇಲೆಯೇ ಕಬ್ಬು ವಿಮಾನ ಏರಲಿ.