ಹೊಸ ಓಣಿಯಲ್ಲಿ ಮೊದಲ ಮೂರು ತಿಂಗಳು

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಸಂಘದ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯದ ಬಗ್ಗೆ ನಾಲ್ಕು ಮಾತು ಹೇಳು ಅಂದರು. ಹೊಡೆತದ ಕತೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಲ್ಲಿ ಕೂತವರ ತಲೆ ಎಣಿಸಿ ನೀವೇ ಲೆಕ್ಕ ಹಾಕಿಕೊಳ್ಳಿ.

ನಾನು ಹೇಳುವುದು ಹೊಡೆತ ತಾಳದೆ ಹೊಸ್ತಿಲು ದಾಟಿದ ಮೇಲಿನ ಮಾತು. ದಾಟಿದ ದಿನ ಎಲ್ಲರೂ "ಛಲೋ ಮಾಡಿದಿ" ಅನ್ನುತ್ತಾರೆ. ಮರುದಿನ ಆಕೆ ಎಲ್ಲಿ ಮಲಗಿದಳು, ಏನು ಉಂಡಳು, ನೀರು ಎಲ್ಲಿಂದ ತಂದಳು ಎಂದು ಯಾರೂ ಕೇಳುವುದಿಲ್ಲ. ಮೂರು ತಿಂಗಳಾದ ಮೇಲೆ ಆಕೆ ವಾಪಸು ಅದೇ ಮನೆಗೆ ಹೋದಾಗ ಮಾತ್ರ "ಆಕಿಗೇ ಗಂಡ ಬೇಕಾಗಿದ್ದ ಬಿಡವಾ" ಎಂದು ನಗುತ್ತೇವೆ. ಆಕೆ ಗಂಡನಿಗಾಗಿ ಹೋದಳೋ, ಬಾಡಿಗೆ ಕಟ್ಟಲಾಗದೆ ಹೋದಳೋ, ಕೇಳಿದ್ದೇವೆಯೇ?

ನಮ್ಮ ಸೀಮೆಯಲ್ಲಿ ಮನೆ ಬಿಟ್ಟು ಹೊರಡುವುದು ಹೊಸದಲ್ಲ. ನವಿಲುತೀರ್ಥ ಅಣೆಕಟ್ಟಿಗಾಗಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿ ಕಡೆ ಮನೆಗಳಿಗೆ ನೀರು ನುಗ್ಗಿದಾಗ ನಾವೇ ರೊಟ್ಟಿ ಕಟ್ಟಿ ಕಳಿಸಿದೆವು, ಹಳೇ ಸೀರೆ ಕೊಟ್ಟೆವು. ನೀರಿಗೆ ಮನೆ ಕಳಕೊಂಡವಳನ್ನು "ಯಾಕ ಬಂದಿ?" ಎಂದು ಯಾರೂ ಕೇಳಲಿಲ್ಲ. ಗಂಡನ ಕೈಗೆ ಸಿಕ್ಕು ಮನೆ ಕಳಕೊಂಡವಳನ್ನು ಮಾತ್ರ ಓಣಿಯ ಬಾಯಲ್ಲೇ ತಡೆದು ಕೇಳುತ್ತೇವೆ. ಕಿತ್ತೂರಿನ ಕೋಟೆ ಬಿದ್ದ ಮೇಲೆ ರಾಣಿ ಚೆನ್ನಮ್ಮ ಇದೇ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಇಲ್ಲೇ ತೀರಿಕೊಂಡರು. ವರ್ಷಕ್ಕೊಮ್ಮೆ ಆ ತಾಯಿಗೆ ಮಾಲೆ ಹಾಕುತ್ತೇವೆ. ಅನ್ಯಾಯಕ್ಕೆ ತಲೆಬಾಗಲಾರೆ ಎಂದು ಬಂದ ಬಡವಿಯನ್ನು "ಮನಿ ಬಿಟ್ಟಾಕಿ" ಎಂದು ಕರೆಯುತ್ತೇವೆ.

ನಾನೂ ಮನೆ ಬಿಟ್ಟವಳೇ. 2016ರಲ್ಲಿ ರಾಮದುರ್ಗ ತಾಲೂಕಿನ ಒಂದು ಹಳ್ಳಿಯಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಬೈಲಹೊಂಗಲಕ್ಕೆ ಬಂದೆ. ಟೆಂಪೋ ಕೊಳ್ಳಲು ತವರಿನಿಂದ ಹಣ ತಾ ಎಂದು ಹೊಡೆತ. ಅಣ್ಣನ ಮನೆಯಲ್ಲಿ ಹದಿನೈದು ದಿನ ಇದ್ದೆ. ಹದಿನಾರನೆಯ ದಿನ ಅತ್ತಿಗೆ ನನ್ನ ಮಕ್ಕಳ ತಾಟಿನ ರೊಟ್ಟಿ ಎಣಿಸಿದಳು. ಆಕೆಯದು ತಪ್ಪಲ್ಲ, ಅವರದೂ ಬಡತನವೇ. ಕಿವಿಯ ಬೆಂಡೋಲೆ ಒತ್ತೆ ಇಟ್ಟು 9,000 ರೂಪಾಯಿ ತಂದು ಖೋಲಿ ಹುಡುಕಲು ಹೊರಟೆ.

ಆರು ಮನೆಯವರು ಇಲ್ಲ ಅಂದರು. ಖೋಲಿ ಖಾಲಿ ಇತ್ತು. ಆದರೆ "ಗಂಡಸರು ಯಾರದಾರ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಏಳನೆಯ ಮನೆಯಲ್ಲಿ ಆ ಓಣಿಯ ಸಂಘದ ಅಧ್ಯಕ್ಷೆ ನನ್ನ ಜೊತೆ ಬಂದು, "ಬಾಡಿಗಿ ತಪ್ಪಿದ್ರ ನನ್ನ ಕೇಳ್ರಿ" ಅಂದರು. ಅವರು ನನ್ನನ್ನು ನೋಡಿ ಎರಡು ದಿನವಾಗಿತ್ತು ಅಷ್ಟೇ. ಆ ಒಂದು ಮಾತಿಗೆ ಖೋಲಿ ಸಿಕ್ಕಿತು. ಡಿಪಾಜಿಟ್ 5,000, ಮೊದಲ ತಿಂಗಳ ಬಾಡಿಗೆ 1,200. ಕೈಯಲ್ಲಿ 2,800 ಉಳಿಯಿತು.

ನಾನು ಒಲೆ, ಬೋಗುಣಿ ಕೊಳ್ಳಬೇಕೆಂದಿದ್ದೆ. ಎದುರು ಮನೆಯ ಅಜ್ಜಿ ತಡೆದಳು. "ಮೊದಲ ಬ್ಯಾರಲ್ ತಗೋ. ನಳದ ನೀರು ದಿನಾ ಬರೂದಿಲ್ಲ. ತುಂಬಿ ಇಡಾಕ ಏನೂ ಇಲ್ಲಂದ್ರ ನಾಳಿಂದ ಕೊಡ ಹಿಡಕೊಂಡು ಮಂದಿ ಮನಿ ಬಾಗಿಲಿಗೆ ನಿಂದರ್ತಿ" ಅಂದಳು. ಹಳೇ ಬ್ಯಾರಲ್ ಒಂದು 350ಕ್ಕೆ ಸಿಕ್ಕಿತು. ನಾನು ಆ ಓಣಿಯಲ್ಲಿ ಕಲಿತ ಮೊದಲ ಪಾಠ ಅದು. ಹೊಸ ಜಾಗದಲ್ಲಿ ಯಾವುದು ಮೊದಲು ಕೊಳ್ಳಬೇಕು ಅನ್ನುವುದು ಅಂಗಡಿಯವನಿಗೆ ಗೊತ್ತಿರುವುದಿಲ್ಲ, ನೆರೆಮನೆಯವರಿಗೆ ಗೊತ್ತಿರುತ್ತದೆ. ನೀರು ಯಾವ ದಿನ, ಯಾವ ಹೊತ್ತಿಗೆ, ಪಾಳಿ ಹೇಗೆ. ಹಿಟ್ಟಿನ ಗಿರಣಿ ಯಾವುದು ಸೋವಿ. ಸಂಜೆ ಸಂತೆ ಏಳುವ ಹೊತ್ತಿಗೆ ಉಳ್ಳಾಗಡ್ಡಿ, ಬದನೆಕಾಯಿ ಎಷ್ಟಕ್ಕೆ ಇಳಿಯುತ್ತದೆ. ಯಾವ ಕಿರಾಣಿ ಅಂಗಡಿಯವನು ಉದ್ರಿ ಕೊಟ್ಟು ಎರಡರಷ್ಟು ಬರೆಯುತ್ತಾನೆ. ಇದೆಲ್ಲ ಕೇಳಿ ತಿಳಿಯುವ ಮಾತು. ಓಣಿ ಮಾತಾಡಿಸದಿದ್ದರೆ ಕೇಳುವುದು ಯಾರನ್ನು? ಮಾತಾಡಿಸುವವರಿಲ್ಲದ ಹೆಂಗಸು ಎಲ್ಲದಕ್ಕೂ ಹೆಚ್ಚು ಹಣ ತೆರುತ್ತಾಳೆ.

ಒಂದು ಖಾನಾವಳಿಗೆ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಹಿಟ್ಟು ಅವರದು, ನೂರು ರೊಟ್ಟಿಗೆ 100 ರೂಪಾಯಿ. ತಿಂಗಳಿಗೆ 2,500 ಆಗುತ್ತಿತ್ತು. ಬಾಡಿಗೆ 1,200, ಕರೆಂಟಿಗೆ ಮಾಲಕರು ಕೇಳಿದ 100. ಉಳಿದ 1,200ರಲ್ಲಿ ಮೂರು ಹೊಟ್ಟೆ. ಜೋಳ, ಬೇಳೆ, ಎಣ್ಣೆ, ಕಟ್ಟಿಗೆ. ಶೇಂಗಾ ಹಿಂಡಿ ಮಾಡಿಟ್ಟರೆ ಪಲ್ಯದ ಖರ್ಚು ವಾರಕ್ಕೆ ಎರಡು ದಿನ ಉಳಿಯುತ್ತಿತ್ತು. ಎರಡನೆಯ ತಿಂಗಳು ಸಂಘಕ್ಕೆ ಸೇರಿ ವಾರಕ್ಕೆ 20 ರೂಪಾಯಿ ಉಳಿತಾಯ ಕಟ್ಟತೊಡಗಿದೆ. ತಿನ್ನಲು ಇಲ್ಲದಾಗ ಉಳಿತಾಯ ಎಂಥದು ಎಂದು ನನಗೇ ಅನ್ನಿಸಿತ್ತು.

ಮೂರನೆಯ ತಿಂಗಳು ಸಣ್ಣವನಿಗೆ ಜ್ವರ. ಐದು ದಿನ ರೊಟ್ಟಿ ಇಲ್ಲ, ಹಣವಿಲ್ಲ. ಬಾಡಿಗೆ ದಿನ ಬಂತು. ಅದೇ ಹೊತ್ತಿಗೆ ಗಂಡನ ಕಡೆಯವರು "ಆದದ್ದಾತು, ಬಾ" ಎಂದು ಹೇಳಿ ಕಳಿಸಿದರು. ಆತ ಬದಲಾಗಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅರಿವೆ ಗಂಟು ಕಟ್ಟಿದೆ. ಅವತ್ತು ಸಂಜೆ ಸಂಘದ ಇಬ್ಬರು, ಸಭೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಬಂದರು. ಗಂಟು ನೋಡಿದರು, ಏನೂ ಮಾತಾಡಲಿಲ್ಲ. ರಾತ್ರಿಯೇ ಸಭೆ ಸೇರಿಸಿ 1,500 ರೂಪಾಯಿ ಒಳಸಾಲ ಕೊಟ್ಟರು. ಒಬ್ಬಾಕೆ "ಗಂಡನ ಸಹಿ ಬೇಕಲ್ಲ?" ಅಂದಳು. ಇನ್ನೊಬ್ಬಾಕೆ, "ಗಂಡನ ಸಹಿ ಸಿಗೂ ಹಾಂಗಿದ್ರ ಆಕಿ ಇಲ್ಲಿಗೆ ಯಾಕ ಬರ್ತಿದ್ಲು?" ಅಂದಳು. ಇವತ್ತು ನಾನು ನಿಮ್ಮ ಮುಂದೆ ಜೀವಂತ ನಿಂತಿದ್ದರೆ ಅದು ಆ 1,500 ರೂಪಾಯಿಯಿಂದ.

ಆಗ ನನಗೆ ಗೊತ್ತಿಲ್ಲದ ಕೆಲವು ಸಂಗತಿಗಳನ್ನು ಈಗ ಹೇಳುತ್ತೇನೆ. ಗೊತ್ತಿದ್ದರೆ ಬೆಂಡೋಲೆ ಉಳಿಯುತ್ತಿತ್ತೇನೋ.

ಒಂದು, ಬಾಡಿಗೆಯ ಮಾತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಗಂಡನ ಮನೆಯಲ್ಲಿ ಇರುವ ಹಕ್ಕು ನಮಗಿದೆ. ಮನೆ ಮಾವನ ಹೆಸರಿನಲ್ಲಿದೆ ಅಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅಲ್ಲಿ ಇರಲಾಗದಿದ್ದರೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಗಂಡನಿಗೆ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಜೀವನಾಂಶವನ್ನೂ ಕೇಳಬಹುದು. ಇದಕ್ಕಾಗಿ ಗಂಡನ ಊರಿನ ಕೋರ್ಟಿಗೇ ಅಲೆಯಬೇಕಾಗಿಲ್ಲ. ತಾತ್ಕಾಲಿಕವಾಗಿ ನೀವು ಎಲ್ಲಿದ್ದೀರೋ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ವಕೀಲರ ಫೀ ಎಂದು ಹೆದರಬೇಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಆದೇಶ ಬೇಗ ಬರುತ್ತದೆ ಎಂದು ಮಾತ್ರ ನಾನು ಸುಳ್ಳು ಹೇಳುವುದಿಲ್ಲ. ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಅದಕ್ಕೇ ಮೊದಲ ವಾರವೇ ಅರ್ಜಿ ಹಾಕಬೇಕು.

ಎರಡು, ಭಾಂಡೆ ಸಾಮಾನು. ಹೊಸ ಬೋಗುಣಿ ಕೊಳ್ಳುವ ಮೊದಲು ಹಳೇ ಮನೆಯಲ್ಲಿ ಉಳಿದ ನಿಮ್ಮ ಸಾಮಾನಿನ ಪಟ್ಟಿ ಬರೆಯಿರಿ. ಕೊಡ, ತಪ್ಪಲೆ, ತಿಜೋರಿ, ಹಾಸಿಗೆ, ಬಂಗಾರ. ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರಲ್ಲ, ಅದೇ ಸಾಕ್ಷಿ. ಮದುವೆಯ ಫೋಟೋ ಇದ್ದರೆ ತೆಗೆದಿಡಿ. ಅದು ನಿಮ್ಮ ಸ್ತ್ರೀಧನ, ವಾಪಸು ಕೊಡಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ವರದಕ್ಷಿಣೆಯಾಗಿ ಕೊಟ್ಟದ್ದೂ ಹೆಣ್ಣಿನದೇ ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹೇಳುತ್ತದೆ.

ಮೂರು, ಮಕ್ಕಳ ಶಾಲೆ. ನನ್ನ ಮಗಳು ಟಿ.ಸಿ. ಇಲ್ಲ ಎಂದು ಒಂದು ತಿಂಗಳು ಮನೆಯಲ್ಲಿ ಕೂತಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದು ಸರಕಾರಿ ಶಾಲೆಯವರು ಮಗುವನ್ನು ಹೊರಗಿಡುವಂತಿಲ್ಲ. ಮಧ್ಯಾಹ್ನದ ಊಟವೂ ಸಿಗುತ್ತದೆ. ಬಡವರ ಮನೆಯಲ್ಲಿ ಅದೇ ದೊಡ್ಡ ಉಳಿತಾಯ.

ನಾಲ್ಕು, ರೇಶನ್ ಕಾರ್ಡು. ಇದೇ ಗಂಟು. ಹೆಸರು ಹಳೇ ಮನೆಯ ಕಾರ್ಡಿನಲ್ಲಿರುತ್ತದೆ. ಅಕ್ಕಿ ಅಲ್ಲಿಗೆ ಹೋಗುತ್ತದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಅತ್ತೆಗೆ ಹೋಗುತ್ತದೆ. ಅಲ್ಲಿ ಹೆಸರು ತೆಗೆಸದೆ ಇಲ್ಲಿ ಹೊಸ ಕಾರ್ಡು ಆಗುವುದಿಲ್ಲ. ಹೊಸ ಅರ್ಜಿಯನ್ನೂ ಎಲ್ಲ ಕಾಲದಲ್ಲಿ ತೆಗೆದುಕೊಳ್ಳುವುದಿಲ್ಲ. ಒಬ್ಬಳೇ ಹೋದರೆ ಆಹಾರ ಇಲಾಖೆಯ ಕಿಟಕಿಯಿಂದ ಕಿಟಕಿಗೆ ಅಲೆಸುತ್ತಾರೆ. ಸಂಘದ ನಾಲ್ಕು ಮಂದಿ ಜೊತೆಗೆ ಹೋಗಿ. 2023ರ ಜೂನ್‌ನಿಂದ ಬಸ್ಸಿನ ಖರ್ಚೂ ಇಲ್ಲವಲ್ಲ.

ಐದು, ಕರೆಂಟು ಮತ್ತು ಗ್ಯಾಸು. ಖೋಲಿ ಹಿಡಿಯುವಾಗ ಮೀಟರ್ ಬೇರೆ ಇದೆಯೇ ಎಂದು ಕೇಳಿ. ಬೇರೆ ಇದ್ದರೆ ಬಾಡಿಗೆಯವರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ವಿಳಾಸದ ದಾಖಲೆ ಇಲ್ಲದವರಿಗೂ ಗುರುತಿನ ಚೀಟಿ ಮೇಲೆ 5 ಕೆಜಿಯ ಸಣ್ಣ ಸಿಲಿಂಡರ್ ಸಿಗುತ್ತದೆ.

ಗಂಡ ಹೊಸ ಓಣಿಗೂ ಬಂದು ಗಲಾಟೆ ಮಾಡಿದರೆ 112ಕ್ಕೆ ಫೋನು ಮಾಡಿ. ಸಲಹೆಗೆ, ಆಸರೆಗೆ 181.

ಈಗ ನಮ್ಮ ಬಗ್ಗೆ ನಾವೇ ಒಂದು ಕಹಿ ಮಾತು ಆಡಿಕೊಳ್ಳಬೇಕು. ಸೊಸೆ ಮನೆ ಬಿಟ್ಟು ಹೋದಳು ಎಂದು ತಿಳಿದ ಕೂಡಲೇ ನಮ್ಮ ಎಷ್ಟೋ ಗುಂಪುಗಳಲ್ಲಿ ಮೊದಲು ಏಳುವ ಪ್ರಶ್ನೆ, "ಆಕಿ ಕಂತು ಯಾರು ಕಟ್ಟಬೇಕು?" ಎಂಬುದು. ಕಂತು ಮುಳುಗುತ್ತದೆಂಬ ಹೆದರಿಕೆಯಿಂದ ನಾವೇ ಹೋಗಿ "ಹೊಂದಿಕೊಂಡು ಹೋಗವಾ" ಎಂದು ಬುದ್ಧಿ ಹೇಳಿ ವಾಪಸು ಬಿಟ್ಟು ಬಂದದ್ದಿದೆ. ಸಾಲ ಆಕೆಯ ಹೆಸರಿನಲ್ಲಿ, ಹಣ ಗಂಡನ ಕೈಯಲ್ಲಿ. ಹೊಡೆತ ಆಕೆಗೆ, ಕಂತೂ ಆಕೆಗೇ. ಹೊಸ ಓಣಿಯಲ್ಲಿ ಮೈಕ್ರೋಫೈನಾನ್ಸಿನವರು ಬಾಗಿಲಿಗೆ ಬಂದರೆ ಆ ಹಳೇ ಕಂತು ತೀರಿಸಲು ಇನ್ನೊಂದು ಸಾಲ ಮಾಡುತ್ತಾಳೆ. ವಸೂಲಿಗಾಗಿ ಹೆದರಿಸುವುದು, ಕಿರುಕುಳ ಕೊಡುವುದು ಅಪರಾಧ ಎಂದು 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಿದೆ, ನಿಜ. ಆದರೆ ಸಂಘದ ಅಕ್ಕನೇ ಹೆದರಿಸಿದರೆ ಯಾರಿಗೆ ದೂರುವುದು?

ಅದಕ್ಕೆ ನಿಮ್ಮನ್ನು ನಾನು ಕೇಳುವುದು ಮೂರೇ ಮಾತು. ಪ್ರತಿ ಗುಂಪಿನ ಉಳಿತಾಯದಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಹಣವನ್ನು ಇಂಥ ಹೆಣ್ಣುಮಕ್ಕಳಿಗೆಂದೇ ಬೇರೆ ತೆಗೆದಿಡಿ, ಗಂಡನ ಸಹಿ ಕೇಳಬೇಡಿ. ಮನೆ ಬಿಟ್ಟು ಬಂದವಳ ಹಳೇ ಕಂತಿಗೆ ಮೂರು ತಿಂಗಳು ಗಡುವು ಕೊಡಿ. ಆಕೆಯ ಉಳಿತಾಯದ ಲೆಕ್ಕ ಬರೆದು ಕೊಡಿ, ಹೊಸ ಊರಿನ ಸಂಘ ಆಕೆಯನ್ನು ಸೇರಿಸಿಕೊಳ್ಳಲಿ. ಬೈಲಹೊಂಗಲದ ಸಂಘಕ್ಕೆ ಸವದತ್ತಿಯವಳು, ಕಿತ್ತೂರಿನ ಸಂಘಕ್ಕೆ ರಾಮದುರ್ಗದವಳು ಹೊರಗಿನವಳಾಗಬಾರದು. ಮೂರನೆಯದು, ನಿಮ್ಮ ಓಣಿಯಲ್ಲಿ ಒಂಟಿ ಹೆಂಗಸು ಖೋಲಿ ಕೇಳಿಕೊಂಡು ಬಂದರೆ ಅಧ್ಯಕ್ಷೆಯೋ ಸದಸ್ಯೆಯೋ ಒಬ್ಬರು ಜೊತೆ ಹೋಗಿ ನಿಲ್ಲಿ.

ಹೊಡೆತದ ಮನೆಯಿಂದ ಹೊರಬರುವ ಧೈರ್ಯ ಆಕೆಯದು, ಅದನ್ನು ನಾವು ಕೊಡಲಾರೆವು. ಹೊರಬಂದ ಮೇಲೆ ಇರಲು ಜಾಗ ಕೊಡುವುದು ನಮ್ಮ ಕೈಯಲ್ಲಿದೆ. ಆ ಎದುರು ಮನೆಯ ಅಜ್ಜಿ ಈಗ ಇಲ್ಲ. ಬ್ಯಾರಲ್ ಇನ್ನೂ ಇದೆ. ಹೋದ ವರ್ಷ ಸವದತ್ತಿ ಕಡೆಯಿಂದ ಕೂಸು ಎತ್ತಿಕೊಂಡು ಬಂದ ಒಬ್ಬ ಹುಡುಗಿಗೆ ಅದನ್ನು ಕೊಟ್ಟಿದ್ದೇನೆ. ಮೊನ್ನೆ ಸಿಕ್ಕಾಗ ಹೇಳಿದಳು, ಆಕೆಗೆ ಅಲ್ಲಿ ನಾಲ್ಕನೆಯ ತಿಂಗಳು ದಾಟಿತಂತೆ.