ಪ್ರೌಢಶಾಲೆಯಲ್ಲಿ ಗೃಹನಿರ್ಮಾಣ ವಿದ್ಯೆ

ಕರ್ಣದ ವರ್ಗವನ್ನು ಬಾಯಿಪಾಠವಾಗಿ ಒಪ್ಪಿಸುವ ನಮ್ಮ ಬಾಲಕನು ಮನೆಯ ಪಾಯಕ್ಕೆ ಮೂಲೆ ಹಿಡಿಯಲಾರನು. ಗೌಂಡಿಯಾದರೋ 3, 4, 5 ಅಡಿಗಳ ದಾರವೆಳೆದು ಕ್ಷಣಮಾತ್ರದಲ್ಲಿ ಅದನ್ನು ಸಾಧಿಸುವನು. ಅವನನ್ನು ನಾವು ಅವಿದ್ಯಾವಂತನೆಂದೆಣಿಸುವೆವು!

ಅಮೇರಿಕೆಯಲ್ಲಿ 1881ರಲ್ಲಿ ಆರಂಭವಾದ ಟಸ್ಕೆಗೀ ವಿದ್ಯಾಲಯದಲ್ಲಿ ಬುಕರ್ ವಾಷಿಂಗ್‌ಟನ್ನರ ಶಿಷ್ಯರು ತಾವೇ ಇಟ್ಟಿಗೆ ಸುಟ್ಟರು. ಮೂರು ಭಟ್ಟಿಗಳು ಕೆಟ್ಟವು. ಗುರುವು ಗಡಿಯಾರವನ್ನು ಒತ್ತೆಯಿಟ್ಟ ಮೇಲೆ ನಾಲ್ಕನೆಯದು ಕೈಗೂಡಿತು. 19 ವರ್ಷಗಳಲ್ಲಿ ಎದ್ದ 40 ಕಟ್ಟಡಗಳಲ್ಲಿ ನಾಲ್ಕರ ಹೊರತು ಉಳಿದವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳ ಕೈಗೆಲಸವೇ.

ನಮ್ಮಲ್ಲಿ 1937ರ ವಾರ್ಧಾ ಪರಿಷತ್ತು ಕೈಗೆಲಸವನ್ನು ಶಿಕ್ಷಣದ ನಡುವಿರಿಸಿತು. 2020ರ ಶಿಕ್ಷಣನೀತಿಯು 6ರಿಂದ 8ನೆಯ ತರಗತಿಯವರಿಗೆ ಕುಶಲಕರ್ಮಿಗಳ ಬಳಿ ಹತ್ತು ದಿನಗಳನ್ನು ಗೊತ್ತುಮಾಡಿತು. ಹತ್ತು ದಿನಗಳಲ್ಲಿ ಕರಣೆ ಹಿಡಿಯಬಂದೀತು. ಗೋಡೆಯು ತೂಗುಗುಂಡಿಗೆ ಸರಿನಿಲ್ಲದು. ಪ್ರೌಢಶಾಲೆಯ ಅಂಗಳದಲ್ಲಿ ಮಳೆಗಾಲ ಕಳೆದೊಡನೆ ಒಂದು ಕೊಠಡಿ, ಗುರುಪೀಠದಲ್ಲಿ ಊರ ಗೌಂಡಿ — ಇಷ್ಟನ್ನು ಶಾಲಾ ಮಂಡಲಿಗಳು ಈ ವರ್ಷವೇ ಮಾಡಲಿ.