ಬರದ ವರ್ಷದಲ್ಲಿ ನಮ್ಮ ಪಂಚಾಯಿತಿ



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ 2023ರ ಬರವನ್ನು ನೆನೆಯದೆ ಇರಲಾಗದು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ಆ ವರ್ಷ ನಮ್ಮ ಗ್ರಾಮ ಪಂಚಾಯಿತಿ ಹೇಗೆ ಕೆಲಸ ಮಾಡಿತು? ಬೈಯೋದೂ ಬೇಡ, ಹೊಗಳೋದೂ ಬೇಡ, ಇದ್ದದ್ದನ್ನು ಹೇಳೋಣ.

ಒಳ್ಳೆಯದನ್ನು ಮೊದಲು ಹೇಳಬೇಕು. ಊರ ಕೊಳವೆಬಾವಿ ಬತ್ತಿದಾಗ ತೋಟದವರ ಬೋರ್‌ವೆಲ್ ಬಾಡಿಗೆಗೆ ಹಿಡಿದು ನೀರು ಕೊಟ್ಟರು. ನಡುರಾತ್ರಿ ಕರೆಂಟ್ ಬಂದರೂ ನೀರುಗಂಟಿ ಎದ್ದುಹೋಗಿ ಮೋಟಾರ್ ಹಾಕಿದ್ದನ್ನು ನಾವು ಕಂಡಿದ್ದೇವೆ. ಉದ್ಯೋಗ ಖಾತರಿಯಲ್ಲಿ ಕೆರೆ ಹೂಳು ತೆಗೆಸಿದರು. ಆಗ ದಿನಗೂಲಿ 316 ರೂಪಾಯಿ. ಎಷ್ಟೋ ಮನೆಯವರು ಗುಳೆ ಹೋಗುವುದು ತಪ್ಪಿತು.

ಕೊರತೆಯೂ ಇತ್ತು. ದನಗಳ ನೀರಿನ ತೊಟ್ಟಿ ಒಣಗಿಯೇ ಇತ್ತು. ಕೊನೇ ಕೇರಿಗೆ ಟ್ಯಾಂಕರ್ ಯಾವ ದಿನ ಬರುತ್ತೆ ಅಂತ ಹೇಳುವವರಿಲ್ಲದೆ ಹೆಣ್ಮಕ್ಕಳು ಕೂಲಿ ಬಿಟ್ಟು ಕೊಡ ಇಟ್ಟು ಕಾದರು.

ನಮ್ಮ ತಪ್ಪನ್ನೂ ಹೇಳಬೇಕಲ್ಲ! ಮೊದಲ ಬೀದಿಯ ನಾವು ನಲ್ಲಿಗೆ ಮೋಟಾರ್ ಹಚ್ಚಿ ಎಳೆದೆವು. ಕೊನೇ ಕೇರಿಗೆ ನೀರು ಮುಟ್ಟಲಿಲ್ಲ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಕರೆದಾಗ ನಾವೆಷ್ಟು ಜನ ಹೋದೆವು? ಡೇರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಅಲ್ಲೇ ನಿಂತು ಕೇಳುವ ನಾವು, ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಕೇಳಲಿಲ್ಲ.

ಮುಂದಿನ ಸಭೆಗೆ ಮನೆಗೊಬ್ಬರಾದರೂ ಹೋಗೋಣ. ಹೋಗುವ ಮುನ್ನ ನಲ್ಲಿಯ ಮೋಟಾರ್ ಬಿಚ್ಚಿಡೋಣ. ದನದ ತೊಟ್ಟಿ ತುಂಬಿಸಲು ಸಂಘವೂ ಕೈಜೋಡಿಸಲಿ.